ಫ್ರಂಟ್ ವ್ಯೂ ಕೆಳಗೆ ಟಾಪ್ ವ್ಯೂ ಯಾಕೆ? ಆರ್ಥೋಗ್ರಾಫಿಕ್ ಪ್ರೊಜೆಕ್ಷನ್ ಬಿಡಿಸಿ ನೋಡೋಣ

ಒಂದು ಕಬ್ಬಿಣದ ಬ್ರಾಕೆಟ್ ಮಾಡಿಸಬೇಕು ಅಂದುಕೊಳ್ಳಿ. ಹಳೆಯದು ಮುರಿದಿದೆ. ಅದರದ್ದೇ ಒಂದು ಒಳ್ಳೆಯ ಫೋಟೊ ತೆಗೆದು ವರ್ಕ್‌ಶಾಪ್‌ನವರಿಗೆ ವಾಟ್ಸಾಪ್ ಮಾಡುತ್ತೀರಿ. ಅಲ್ಲಿಂದ ಬರುವ ಉತ್ತರ ಒಂದೇ: "ಡ್ರಾಯಿಂಗ್ ಕಳಿಸಿ ಸಾರ್." ಫೋಟೊದಲ್ಲಿ ಎಲ್ಲಾ ಕಾಣುತ್ತದಲ್ವಾ, ಇನ್ನೇನು ಬೇಕು ಅಂತ ಅನಿಸುವುದು ಸಹಜ. ಕಾಣುವುದೇನೋ ಕಾಣುತ್ತದೆ, ಆದರೆ ಆ ಫೋಟೊ ಮೇಲೆ ಸ್ಕೇಲ್ ಇಟ್ಟು ಅಳೆಯಲು ಬರುವುದಿಲ್ಲ. ಕ್ಯಾಮೆರಾಗೆ ಹತ್ತಿರ ಇದ್ದ ಅಂಚು ಉದ್ದ ಕಾಣುತ್ತದೆ, ಅಷ್ಟೇ ಉದ್ದದ ಹಿಂದಿನ ಅಂಚು ಗಿಡ್ಡ ಕಾಣುತ್ತದೆ. ದುಂಡಗಿನ ತೂತು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ನೇರ ಮೂಲೆ ನೇರವಾಗಿ ಇರುವುದಿಲ್ಲ. ಹಿಂದೆ ಏನಿದೆ ಅನ್ನುವುದಂತೂ ಗೊತ್ತೇ ಆಗುವುದಿಲ್ಲ.

ಆರ್ಥೋಗ್ರಾಫಿಕ್ ಪ್ರೊಜೆಕ್ಷನ್ ಈ ತೊಂದರೆಗೆ ಕಂಡುಕೊಂಡ ದಾರಿ. ಅದು ಮಾಡಿಕೊಳ್ಳುವ ಒಪ್ಪಂದ ಇಷ್ಟು: ವಸ್ತು ಕಣ್ಣಿಗೆ ಹೇಗೆ ಕಾಣುತ್ತದೆ ಅನ್ನುವುದನ್ನು ಬಿಟ್ಟುಕೊಡುತ್ತೇನೆ, ಅಳತೆಯನ್ನು ಮಾತ್ರ ಬಿಡುವುದಿಲ್ಲ. ಅದೂ ಒಂದು ವ್ಯೂನಲ್ಲಿ ಎರಡು ಅಳತೆ ಮಾತ್ರ. ಉದ್ದ, ಅಗಲ, ಎತ್ತರ ಈ ಮೂರರಲ್ಲಿ ಒಂದನ್ನು ಪ್ರತಿ ವ್ಯೂ ಬೇಕಂತಲೇ ನುಂಗಿ ಹಾಕುತ್ತದೆ. ನುಂಗಿದ್ದನ್ನು ಪಕ್ಕದ ವ್ಯೂ ವಾಪಸ್ ಕೊಡುತ್ತದೆ. ಇಷ್ಟು ತಲೆಯಲ್ಲಿ ಗಟ್ಟಿಯಾಗಿ ಕೂತರೆ ಮುಂದೆ ಬರುವ ಎಚ್‌ಪಿ, ವಿಪಿ, ಫಸ್ಟ್ ಆ್ಯಂಗಲ್, ಥರ್ಡ್ ಆ್ಯಂಗಲ್, ಟ್ರೂ ಲೆಂಗ್ತ್ ಎಲ್ಲವೂ ಇದರ ಬಾಲವನ್ನೇ ಹಿಡಿದುಕೊಂಡು ಬರುತ್ತವೆ. ಇದು ಕೂರದೆ ಸ್ಟೆಪ್ಪುಗಳನ್ನು ಉರು ಹೊಡೆದರೆ ಪರೀಕ್ಷೆ ಪಾಸಾಗಬಹುದು, ಡ್ರಾಯಿಂಗ್ ಓದಲು ಬರುವುದಿಲ್ಲ.

ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರ ಒಂದು ದಿನ, ಮತ್ತೆ ಆಗಸ್ಟ್ 18ರ ಆಸುಪಾಸಿನಲ್ಲಿ ಇನ್ನೊಂದು ದಿನ, ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನ ಅಂತ ಪೇಪರ್‌ನಲ್ಲಿ ಓದಿರುತ್ತೀರಿ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆ ಕ್ಷಣದಲ್ಲಿ ನೆರಳೇ ಇರುವುದಿಲ್ಲ, ಬುಡದಲ್ಲಿ ಒಂದು ಚುಕ್ಕೆ ಇದ್ದರೆ ಅಷ್ಟೇ. ಅದೇ ಹೊತ್ತಿನಲ್ಲಿ ಅಂಗಳದಲ್ಲಿ ಒಂದು ಮೇಜು ಇಟ್ಟರೆ ನೆಲದ ಮೇಲೆ ಬೀಳುವ ನೆರಳು ಮೇಜಿನ ಹಲಗೆಯಷ್ಟೇ ದೊಡ್ಡದು, ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ಮೇಜಿನ ಎತ್ತರ ಎಷ್ಟೇ ಇರಲಿ, ನೆರಳಿಗೆ ಅದರ ಗೊಡವೆ ಇಲ್ಲ. ಟಾಪ್ ವ್ಯೂ ಅಂದರೆ ಇದೇ. ಸೂರ್ಯ ಅಷ್ಟು ದೂರ ಇರುವುದರಿಂದ ಕಿರಣಗಳು ಒಂದಕ್ಕೊಂದು ಸಮಾನಾಂತರವಾಗಿ ಬರುತ್ತವೆ, ನೆಲಕ್ಕೆ ನೇರ 90 ಡಿಗ್ರಿಯಲ್ಲಿ ಬಡಿಯುತ್ತವೆ. ಇವೆರಡೂ ಷರತ್ತು ಸೇರಿದರೇ ಆರ್ಥೋಗ್ರಾಫಿಕ್. ಕಿರಣ ಸಮಾನಾಂತರ ಇದ್ದು ಓರೆಯಾಗಿ ಬಿದ್ದರೆ, ಅಂದರೆ ಸಂಜೆ ನಾಲ್ಕರ ನೆರಳಾದರೆ, ಅದು ಓಬ್ಲಿಕ್. ರಾತ್ರಿ ಹತ್ತಿರದ ಬಲ್ಬಿನಿಂದ ಬೀಳುವ ನೆರಳಿನಲ್ಲಿ ಕಿರಣಗಳು ಹರಡಿಕೊಂಡು ಹೋಗುತ್ತವೆ, ಅದು ಪರ್ಸ್ಪೆಕ್ಟಿವ್ ಕಡೆಗೆ ಸೇರಿದ್ದು.

ನೆರಳಿಗೂ ಡ್ರಾಯಿಂಗಿಗೂ ಒಂದೇ ವ್ಯತ್ಯಾಸ. ನೆರಳು ಹೊರಗಿನ ಆಕಾರ ಮಾತ್ರ ಕೊಡುತ್ತದೆ, ಒಳಗೆಲ್ಲಾ ಕಪ್ಪು. ಡ್ರಾಯಿಂಗ್ ಒಳಗಿನ ಅಂಚುಗಳನ್ನೂ ಗೆರೆಯಾಗಿ ತೋರಿಸುತ್ತದೆ, ಕಣ್ಣಿಗೆ ಕಾಣುವುದಕ್ಕೆ ದಪ್ಪ ಗೆರೆ, ಮರೆಯಲ್ಲಿ ಇರುವುದಕ್ಕೆ ತುಂಡು ತುಂಡು ಗೆರೆ. ಆ ತುಂಡು ಗೆರೆಗೆ ಎಲ್ಲರೂ ಡಾಟೆಡ್ ಲೈನ್ ಅಂತಲೇ ಹೇಳುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.

ಈಗ ನಮ್ಮ ಬ್ರಾಕೆಟ್ ತೆಗೆದುಕೊಳ್ಳೋಣ. ಸಾಧ್ಯವಾದರೆ ಒಂದು ಹಾಳೆ, ಪೆನ್ಸಿಲ್ ಇಟ್ಟುಕೊಂಡು ಓದಿ, ಸುಮ್ನೆ ಓದಿಕೊಂಡು ಹೋದರೆ ತಲೆ ಸುತ್ತುತ್ತದೆ. ಎಲ್ ಆಕಾರದ ಬ್ರಾಕೆಟ್. ಎದುರಿಂದ ನೋಡಿದರೆ ಇಂಗ್ಲಿಷಿನ ಎಲ್ ಅಕ್ಷರವೇ: ಎಡಗಡೆ ಒಂದು ನಿಂತ ತಟ್ಟೆ, ಕೆಳಗೆ ಬಲಕ್ಕೆ ಚಾಚಿದ ಬೇಸ್. ಒಟ್ಟು ಉದ್ದ 80 ಎಂಎಂ, ಎತ್ತರ 60, ಮುಂದಿನಿಂದ ಹಿಂದಕ್ಕೆ ಅಗಲ 50. ತಟ್ಟೆಗಳ ದಪ್ಪ ಎರಡೂ ಕಡೆ 10. ಬೇಸ್‌ನಲ್ಲಿ 12 ಎಂಎಂ ಡಯಾದ, ಮೇಲಿಂದ ಕೆಳಗಿನವರೆಗೆ ಹೋಗುವ ಒಂದು ಆರ್‌ಪಾರ್ ತೂತು. ಆ ತೂತಿನ ಸೆಂಟರ್ ಎಡ ಅಂಚಿನಿಂದ 55 ಎಂಎಂ, ಮುಂದಿನ ಅಂಚಿನಿಂದ 15 ಎಂಎಂ. ಅಗಲ 50 ಅಲ್ವಾ, ಹಾಗಾಗಿ ಹಿಂದಿನ ಅಂಚಿನಿಂದ 35. ತೂತು ನಡುವೆ ಇಲ್ಲ, ಮುಂದಕ್ಕೆ ಸರಿದಿದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಎಲ್ಲಾ ಗಲಾಟೆ ಇದರಿಂದಲೇ.

ಫ್ರಂಟ್ ವ್ಯೂ ಬರೆದರೆ 80 ಉದ್ದ, 60 ಎತ್ತರದ ಎಲ್ ಬರುತ್ತದೆ. ತೂತು ಎದುರಿಂದ ಕಾಣುವುದಿಲ್ಲ, ಅದು ಬೇಸ್‌ನ ಒಳಗಿದೆ. ಹಾಗಾಗಿ ಬೇಸ್‌ನ 10 ಎಂಎಂ ದಪ್ಪದೊಳಗೆ ಎರಡು ನೆಟ್ಟನೆ ಡಾಟೆಡ್ ಲೈನ್, ಎಡದಿಂದ 49ಕ್ಕೆ ಒಂದು, 61ಕ್ಕೆ ಒಂದು. ನಡುವೆ 55ಕ್ಕೆ ಸೆಂಟರ್ ಲೈನ್. ಈ ವ್ಯೂ ನೋಡಿ ತೂತು ಮುಂದಿದೆಯೋ ಹಿಂದಿದೆಯೋ ಹೇಳಿ ನೋಡೋಣ. ಆಗುವುದಿಲ್ಲ. ಅದು ದುಂಡಗಿದೆಯೋ ಚೌಕವಾಗಿದೆಯೋ ಅನ್ನುವುದನ್ನೂ ಹೇಳಲಾಗುವುದಿಲ್ಲ. ಅಗಲ ಅನ್ನುವ ಅಳತೆಯನ್ನೇ ಫ್ರಂಟ್ ವ್ಯೂ ನುಂಗಿಬಿಟ್ಟಿದೆ.

ಟಾಪ್ ವ್ಯೂ ಬರೆದರೆ 80 ಉದ್ದ, 50 ಅಗಲದ ಆಯತ. ಎಡದಿಂದ 10ಕ್ಕೆ ಒಂದು ದಪ್ಪ ಗೆರೆ, ಅದು ನಿಂತ ತಟ್ಟೆಯ ಅಂಚು. ಆಮೇಲೆ ಒಂದು ವೃತ್ತ, ಎಡದಿಂದ 55, ಮುಂದಿನಿಂದ 15. ತೂತಿನ ನಿಜವಾದ ಆಕಾರ ಸಿಕ್ಕಿತು, ಅದರ ಜಾಗವೂ ಸಿಕ್ಕಿತು. ಆದರೆ 10ರ ಗೆರೆಯ ಆ ಕಡೆ 60 ಎಂಎಂ ಎತ್ತರದ ಗೋಡೆಯಿದೆ ಅನ್ನುವ ಸುಳಿವೇ ಇಲ್ಲ, ಅದು ಬರೀ ಒಂದು ಗೆರೆ. ಎತ್ತರ ನುಂಗಿಹೋಯಿತು.

ಸೈಡ್ ವ್ಯೂ ಇನ್ನೂ ಮಜವಾಗಿದೆ. ಎಡಗಡೆಯಿಂದ ನೋಡಿದರೆ ನಿಂತ ತಟ್ಟೆಯೇ ಪೂರ್ತಿ ಅಡ್ಡ ಬರುತ್ತದೆ. 50 ಅಗಲ, 60 ಎತ್ತರದ ಒಂದು ಆಯತ, ಅದರ ಹಿಂದೆ ಬೇಸ್ ಅಡಗಿದೆ. ಆದ್ದರಿಂದ ಕೆಳಗಿನಿಂದ 10ಕ್ಕೆ ಒಂದು ಅಡ್ಡ ಡಾಟೆಡ್ ಲೈನ್, ಅದರ ಕೆಳಗೆ ತೂತಿನ ಎರಡು ನೆಟ್ಟನೆ ಡಾಟೆಡ್ ಲೈನ್. ಬಲಗಡೆಯಿಂದ ನೋಡಿದರೆ ಅದೇ 50 ಗುಣಿಸು 60ರ ಆಯತ, ಆದರೆ ಈಗ ಬೇಸ್‌ನ ತುದಿ ಕಣ್ಣೆದುರೇ ಇದೆ, ಹಾಗಾಗಿ 10ಕ್ಕೆ ಇರುವ ಗೆರೆ ದಪ್ಪ ಗೆರೆ. ಎರಡೂ ವ್ಯೂ ಹೊರಗಿನಿಂದ ಒಂದೇ ತರಹ, ಮುಖ್ಯ ವ್ಯತ್ಯಾಸ ಒಂದು ಗೆರೆ ತುಂಡಾಗಿದೆಯೋ ಇಡಿಯಾಗಿದೆಯೋ ಅನ್ನುವುದರಲ್ಲಿ. ಡಾಟೆಡ್ ಲೈನ್ ಅಂದರೆ ಸುಮ್ನೆ ಅಲಂಕಾರ ಅಂದುಕೊಳ್ಳುವವರು ಇಲ್ಲೇ ಎಡವುತ್ತಾರೆ. ಅಂದಹಾಗೆ ಒಂದೇ ಜಾಗದಲ್ಲಿ ದಪ್ಪ ಗೆರೆ, ಡಾಟೆಡ್, ಸೆಂಟರ್ ಲೈನ್ ಒಂದರ ಮೇಲೊಂದು ಬಂದರೆ ದಪ್ಪ ಗೆರೆಗೆ ಮೊದಲ ಹಕ್ಕು, ಆಮೇಲೆ ಡಾಟೆಡ್, ಕೊನೆಗೆ ಸೆಂಟರ್ ಲೈನ್.

ಈ ಮೂರು ವ್ಯೂಗಳನ್ನು ಹಾಳೆಯ ಮೇಲೆ ಎಲ್ಲೆಂದರಲ್ಲಿ ಬಿಡಿಸುವ ಹಾಗಿಲ್ಲ. ಫ್ರಂಟ್ ಮತ್ತು ಟಾಪ್ ಎರಡಕ್ಕೂ ಉದ್ದ ಒಂದೇ, ಹಾಗಾಗಿ ಒಂದರ ಕೆಳಗೆ ಒಂದು ನೇರವಾಗಿ ನಿಲ್ಲಬೇಕು. ಫ್ರಂಟ್ ಮತ್ತು ಸೈಡ್ ಎರಡಕ್ಕೂ ಎತ್ತರ ಒಂದೇ, ಹಾಗಾಗಿ ಅಕ್ಕಪಕ್ಕ ಒಂದೇ ಮಟ್ಟದಲ್ಲಿ ಇರಬೇಕು. ಟಾಪ್ ಮತ್ತು ಸೈಡ್ ಎರಡಕ್ಕೂ ಅಗಲ ಒಂದೇ, ಆದರೆ ಒಂದರಲ್ಲಿ ಅಗಲ ಮೇಲಿಂದ ಕೆಳಕ್ಕೆ, ಇನ್ನೊಂದರಲ್ಲಿ ಎಡದಿಂದ ಬಲಕ್ಕೆ. ಅದಕ್ಕೇ ಮೂಲೆಯಲ್ಲಿ 45 ಡಿಗ್ರಿ ಗೆರೆಯೊಂದನ್ನು ಎಳೆದು, ಟಾಪ್ ವ್ಯೂನಿಂದ ಅಡ್ಡ ಗೆರೆ ಹೊರಡಿಸಿ, ಆ 45ರ ಗೆರೆಗೆ ಮುಟ್ಟಿದ ಕಡೆ ಮೇಲಕ್ಕೆ ತಿರುಗಿಸುವುದು. ಡ್ರಾಯಿಂಗ್ ಕ್ಲಾಸಿನಲ್ಲಿ ಇದನ್ನು ಎಲ್ಲರೂ ಮಾಡಿರುತ್ತಾರೆ, ಯಾಕೆ ಅಂತ ಕೇಳಿದರೆ ಅರ್ಧ ಜನ "ಸಾರ್ ಹಾಗೆ ಹೇಳಿದ್ರು" ಅನ್ನುತ್ತಾರೆ. ಬೇರೇನೂ ಇಲ್ಲ, ಒಂದು ವ್ಯೂನ ಅಗಲವನ್ನು ಇನ್ನೊಂದಕ್ಕೆ ಅಳೆಯದೇ ದಾಟಿಸುವ ಉಪಾಯ ಅಷ್ಟೇ.

ಇಷ್ಟಕ್ಕೂ ವ್ಯೂ ಎಷ್ಟು ಬೇಕು? ಎರಡು ಸಾಲದು ಅನ್ನುವುದಕ್ಕೆ ಒಂದು ಹಳೆಯ ಲೆಕ್ಕ ಇದೆ. ಫ್ರಂಟ್ ವ್ಯೂ ಚೌಕ, ಟಾಪ್ ವ್ಯೂ ಚೌಕ, ವಸ್ತು ಯಾವುದು? ಕ್ಯೂಬ್ ಅನ್ನುತ್ತೀರಿ. ಸರಿ ಇರಬಹುದು. ಆದರೆ ಆ ಕ್ಯೂಬನ್ನು ಮೇಲಿನ ಹಿಂದಿನ ಅಂಚಿನಿಂದ ಕೆಳಗಿನ ಮುಂದಿನ ಅಂಚಿಗೆ ಓರೆಯಾಗಿ ಕತ್ತರಿಸಿ ಮೇಲಿನ ಅರ್ಧ ಎಸೆದರೂ ಎದುರಿಂದ ಚೌಕವೇ, ಮೇಲಿಂದಲೂ ಚೌಕವೇ. ಓರೆಯ ಬದಲು ದುಂಡಗೆ ಕೆತ್ತಿ ಸಿಲಿಂಡರಿನ ಕಾಲು ಭಾಗ ಮಾಡಿದರೂ ಅದೇ ಎರಡು ಚೌಕ. ಸೈಡ್ ವ್ಯೂ ಬಂದ ಮೇಲಷ್ಟೇ ಒಂದು ಚೌಕ, ಒಂದು ತ್ರಿಕೋನ, ಒಂದು ಕಾಲು ವೃತ್ತ ಅಂತ ಬೇರೆ ಬೇರೆ ಆಗುತ್ತವೆ. ಹಾಗಂತ ಎಲ್ಲದಕ್ಕೂ ಮೂರು ಬೇಕು ಅಂತ ಕಾನೂನು ಇಲ್ಲ. ಲೇತ್ ಮೇಲೆ ತಿರುಗಿಸುವ ಶಾಫ್ಟಿಗೆ ಒಂದೇ ವ್ಯೂ ಕೊಟ್ಟು ಡಯಾ ಗುರುತು ಹಾಕಿದರೆ ಟರ್ನರ್‌ಗೆ ಸಾಕು. ಒಳಗೆ ಜಾಸ್ತಿ ತೂತು, ತೋಡು ಇರುವ ಕಾಸ್ಟಿಂಗ್‌ಗೆ ಮೂರೂ ಸಾಲದೆ ಸೆಕ್ಷನ್ ವ್ಯೂ ಬೇಕಾಗುತ್ತದೆ, ಅಂದರೆ ವಸ್ತುವನ್ನು ಕತ್ತರಿಸಿದ ಹಾಗೆ ಕಲ್ಪಿಸಿಕೊಂಡು ಒಳಗನ್ನು ಬರೆಯುವುದು. ಮನೆ ಕಟ್ಟಿಸುವಾಗ ನಾವು ನೋಡುವ ಪ್ಲಾನ್ ಕೂಡ ಬರೀ ಟಾಪ್ ವ್ಯೂ ಅಲ್ಲ. ನಿಜವಾದ ಟಾಪ್ ವ್ಯೂ ಬರೆದರೆ ತಾರಸಿ ಮಾತ್ರ ಕಾಣಬೇಕಿತ್ತು. ಕಿಟಕಿಯ ಮಟ್ಟದಲ್ಲಿ ಮನೆಯನ್ನು ಅಡ್ಡಲಾಗಿ ಕೊಯ್ದು, ಮೇಲಿನ ಭಾಗ ತೆಗೆದಿಟ್ಟು, ಮೇಲಿಂದ ನೋಡಿದ ಚಿತ್ರ ಅದು. ಅದಕ್ಕೇ ಗೋಡೆಯ ದಪ್ಪ, ಬಾಗಿಲು, ಕಿಟಕಿ ಎಲ್ಲಾ ಕಾಣುತ್ತದೆ.

ಈ ಪದ್ಧತಿಯನ್ನು ಒಂದು ಶಾಸ್ತ್ರದ ಹಾಗೆ ಕಟ್ಟಿದ್ದು ಗಾಸ್ಪಾರ್ ಮೊಂಜ್ ಅನ್ನುವ ಫ್ರೆಂಚ್ ಗಣಿತಜ್ಞ, ಹುಟ್ಟಿದ್ದು 1746ರಲ್ಲಿ, ಬೋನ್ ಅನ್ನುವ ಊರಿನಲ್ಲಿ. ಅವನಿಗಿಂತ ಮುಂಚೆ ಪ್ಲಾನ್ ಮತ್ತು ಎಲಿವೇಷನ್ (ಎದುರಿನ ನೋಟ) ಬರೆಯುವವರು ಇರಲಿಲ್ಲ ಅಂತಲ್ಲ. ಕಲ್ಲು ಕೆತ್ತುವವರಿಗೆ ಅದು ಗೊತ್ತಿತ್ತು, ಜರ್ಮನಿಯ ಚಿತ್ರಕಾರ ಡ್ಯೂರರ್ 1500ರ ದಶಕಗಳಲ್ಲೇ ಬಳಸಿದ್ದ. ಆದರೆ ಎರಡು ವ್ಯೂಗಳನ್ನು ಒಂದಕ್ಕೊಂದು ಕಟ್ಟಿಹಾಕಿ, ಅವುಗಳಿಂದಲೇ ಯಾವ ಉದ್ದ, ಯಾವ ಕೋನ ಬೇಕಾದರೂ ಲೆಕ್ಕವಿಲ್ಲದೆ ಸ್ಕೇಲ್ ಕಂಪಾಸಿನಲ್ಲಿ ತೆಗೆಯಬಹುದು ಅಂತ ತೋರಿಸಿದ್ದು ಮೊಂಜ್. ಮೆಜಿಯೆರ್‌ನ ಮಿಲಿಟರಿ ಇಂಜಿನಿಯರಿಂಗ್ ಶಾಲೆಯಲ್ಲಿ ಅವನು ಕೆಳ ದರ್ಜೆಯ ಕೆಲಸದಲ್ಲಿ ಇದ್ದಾಗ ಒಂದು ಕೋಟೆಯ ಲೆಕ್ಕ ಕೊಟ್ಟರು. ಶತ್ರುವಿನ ಫಿರಂಗಿಯ ಗುಂಡು ಒಳಗಿನವರಿಗೆ ತಾಗದಂತೆ ಗೋಡೆ ಎಲ್ಲಿ ಎಷ್ಟು ಎತ್ತರ ಇರಬೇಕು ಅನ್ನುವ ಲೆಕ್ಕ. ಆಗಿನ ಕ್ರಮದಲ್ಲಿ ಅದಕ್ಕೆ ಉದ್ದುದ್ದ ಅಂಕಗಣಿತ ಮಾಡಬೇಕಿತ್ತು. ಮೊಂಜ್ ಎಷ್ಟು ಬೇಗ ಉತ್ತರ ತಂದನೆಂದರೆ, ಇಷ್ಟು ಬೇಗ ಲೆಕ್ಕ ಮಾಡಲು ಸಾಧ್ಯವೇ ಇಲ್ಲ ಅಂತ ಅಧಿಕಾರಿ ಮೊದಲು ನೋಡಲೂ ಒಪ್ಪಲಿಲ್ಲವಂತೆ. ಆಮೇಲೆ ವಿಧಾನ ಅರ್ಥವಾದಾಗ ಅದನ್ನು ಸೇನೆಯ ಗುಟ್ಟಾಗಿ ಇಟ್ಟರು. ಫ್ರೆಂಚ್ ಕ್ರಾಂತಿಯ ನಂತರ, 1795ರಲ್ಲಿ ಪ್ಯಾರಿಸ್‌ನ ಎಕೋಲ್ ನಾರ್ಮಾಲ್‌ನಲ್ಲಿ ಪಾಠ ಮಾಡುವವರೆಗೂ ಮೊಂಜ್ ಇದನ್ನು ಹೊರಗಿನವರಿಗೆ ಬಿಚ್ಚಿ ಹೇಳುವ ಹಾಗಿರಲಿಲ್ಲ. ಆ ಪಾಠಗಳು 1799ರಲ್ಲಿ ಪುಸ್ತಕವಾದವು. ಇವತ್ತು ಐಟಿಐ ಮೊದಲ ವರ್ಷದ ಹುಡುಗ ಬರೆಯುವ ಎಕ್ಸ್‌ವೈ ಲೈನ್ ಒಂದು ಕಾಲಕ್ಕೆ ಮಿಲಿಟರಿ ಸೀಕ್ರೆಟ್ ಆಗಿತ್ತು ಅಂದರೆ ನಗು ಬರುತ್ತದೆ.

ಆ ಎಕ್ಸ್‌ವೈ ಲೈನ್ ಅಂದರೆ ಏನು? ನಿಮ್ಮ ಕೋಣೆಯ ನೆಲ ಮತ್ತು ಎದುರು ಗೋಡೆ ಸೇರುವ ಗೆರೆ ನೋಡಿ. ನೆಲ ಎಚ್‌ಪಿ (ಹಾರಿಜಾಂಟಲ್ ಪ್ಲೇನ್, ಮಲಗಿದ ಸಮತಲ), ಗೋಡೆ ವಿಪಿ (ವರ್ಟಿಕಲ್ ಪ್ಲೇನ್, ನಿಂತ ಸಮತಲ), ಅವು ಸೇರುವ ಗೆರೆ ಎಕ್ಸ್‌ವೈ. ವಸ್ತುವನ್ನು ಗೋಡೆಯ ಮುಂದೆ ಗಾಳಿಯಲ್ಲಿ ಹಿಡಿದು, ಎದುರಿಂದ ಗೋಡೆಗೆ ಒತ್ತಿದ ಚಿತ್ರ ಫ್ರಂಟ್ ವ್ಯೂ, ಮೇಲಿಂದ ನೆಲಕ್ಕೆ ಒತ್ತಿದ ಚಿತ್ರ ಟಾಪ್ ವ್ಯೂ. ಗೋಡೆ ನಿಂತಿದೆ, ನೆಲ ಮಲಗಿದೆ, ನಮ್ಮ ಹಾಳೆ ಮಾತ್ರ ಒಂದೇ ಚಪ್ಪಟೆ. ಆದ್ದರಿಂದ ನೆಲವನ್ನು ಆ ಗೆರೆಯ ಹತ್ತಿರ ಮಡಚಿ ಕೆಳಕ್ಕೆ ಇಳಿಬಿಡಬೇಕು. ಈಗ ಗೋಡೆ ಮತ್ತು ನೆಲ ಒಂದೇ ಮಟ್ಟಕ್ಕೆ ಬಂದವು. ಫ್ರಂಟ್ ವ್ಯೂ ಗೆರೆಯ ಮೇಲೆ, ಟಾಪ್ ವ್ಯೂ ಗೆರೆಯ ಕೆಳಗೆ. ತಲೆಬರಹದ ಪ್ರಶ್ನೆಗೆ ಉತ್ತರ ಇದೇ, ಮಡಚಿದ ನೆಲ ಕೆಳಗೆ ಹೋಯಿತು, ಜೊತೆಗೆ ಅದರ ಮೇಲಿದ್ದ ಚಿತ್ರವೂ ಹೋಯಿತು.

ವಿಟಿಯು ಮೊದಲ ವರ್ಷದ ಡ್ರಾಯಿಂಗ್ ಪಠ್ಯದಲ್ಲಿ ಪಾಯಿಂಟ್‌ಗಳ ಲೆಕ್ಕ ಬರುತ್ತದಲ್ಲ, ಅಲ್ಲಿ ಜನಕ್ಕೆ ಗೊಂದಲ ಆಗುವುದು ಇಲ್ಲೇ. ಎಚ್‌ಪಿಯಿಂದ 20 ಎಂಎಂ ಮೇಲೆ, ವಿಪಿಯಿಂದ 30 ಎಂಎಂ ಮುಂದೆ ಇರುವ ಬಿಂದು ಎ ಅನ್ನುತ್ತಾರೆ. ಎಚ್‌ಪಿಯ ಅಳತೆ ಎಚ್‌ಪಿಯ ಚಿತ್ರದಲ್ಲಿ ಬರಬೇಕು ಅಂತ ಕೈ ತಾನಾಗೇ ಓಡುತ್ತದೆ. ಉಲ್ಟಾ. ನೆಲದಿಂದ ಎಷ್ಟು ಮೇಲಿದೆ ಅನ್ನುವುದು ನೆಲದ ಮೇಲಿನ ಚಿತ್ರದಲ್ಲಿ ಹೇಗೆ ಕಾಣುತ್ತದೆ? ಅದನ್ನೇ ಅಲ್ವಾ ಟಾಪ್ ವ್ಯೂ ನುಂಗಿದ್ದು. ಎತ್ತರ ಗೋಡೆಯಲ್ಲಿ ಕಾಣುತ್ತದೆ. ಹಾಗಾಗಿ ಎ ಡ್ಯಾಶ್, ಅಂದರೆ ಫ್ರಂಟ್ ವ್ಯೂ, ಎಕ್ಸ್‌ವೈ ಮೇಲೆ 20ಕ್ಕೆ. ಟಾಪ್ ವ್ಯೂ ಎ ಎಕ್ಸ್‌ವೈ ಕೆಳಗೆ 30ಕ್ಕೆ. ಎರಡೂ ಒಂದೇ ನೇರ ಗೆರೆಯಲ್ಲಿ.

ಗೋಡೆಯನ್ನು ನೆಲದ ಕೆಳಕ್ಕೂ, ನೆಲವನ್ನು ಗೋಡೆಯ ಆಚೆಗೂ ಬೆಳೆಸಿದರೆ ನಾಲ್ಕು ಕೋಣೆಗಳಾಗುತ್ತವೆ, ಅವೇ ನಾಲ್ಕು ಕ್ವಾಡ್ರೆಂಟ್. ನೆಲದ ಮೇಲೆ, ಗೋಡೆಯ ಮುಂದೆ ಇರುವುದು ಮೊದಲನೆಯದು. ನೆಲದ ಕೆಳಗೆ, ಗೋಡೆಯ ಹಿಂದೆ ಇರುವುದು ಮೂರನೆಯದು. ಮೊದಲನೆಯದರಲ್ಲಿ ವಸ್ತು ಇಟ್ಟು ಬರೆದರೆ ಫಸ್ಟ್ ಆ್ಯಂಗಲ್, ಮೂರನೆಯದರಲ್ಲಿ ಇಟ್ಟರೆ ಥರ್ಡ್ ಆ್ಯಂಗಲ್. ಎರಡನೆಯದಕ್ಕೂ ನಾಲ್ಕನೆಯದಕ್ಕೂ ಏನಾಯಿತು? ನೆಲ ಮಡಚಿದಾಗ ಒಂದನೆಯ ಮತ್ತು ಮೂರನೆಯ ಕೋಣೆ ಬಿಚ್ಚಿಕೊಳ್ಳುತ್ತವೆ, ಎರಡು ಮತ್ತು ನಾಲ್ಕು ಮುಚ್ಚಿಕೊಳ್ಳುತ್ತವೆ. ಅಲ್ಲಿ ಎರಡೂ ವ್ಯೂ ಒಂದರ ಮೇಲೊಂದು ಬಿದ್ದು ಗೋಜಲಾಗುತ್ತದೆ, ಆದ್ದರಿಂದ ಯಾರೂ ಬಳಸುವುದಿಲ್ಲ.

ಥರ್ಡ್ ಆ್ಯಂಗಲ್‌ನಲ್ಲಿ ವಸ್ತುವಿಗೂ ಕಣ್ಣಿಗೂ ನಡುವೆ ಪ್ಲೇನ್ ಬರುತ್ತದೆ, ಗಾಜಿನ ಪೆಟ್ಟಿಗೆಯೊಳಗೆ ವಸ್ತು ಇಟ್ಟು ಗಾಜಿನ ಮೇಲೆಯೇ ಬರೆದ ಹಾಗೆ. ಪೆಟ್ಟಿಗೆ ಬಿಚ್ಚಿದರೆ ಟಾಪ್ ವ್ಯೂ ಮೇಲೆ, ಬಲಗಡೆಯ ವ್ಯೂ ಬಲಕ್ಕೆ, ಎಡಗಡೆಯದು ಎಡಕ್ಕೆ. ಫಸ್ಟ್ ಆ್ಯಂಗಲ್‌ನಲ್ಲಿ ವಸ್ತು ನಡುವೆ, ಪ್ಲೇನ್ ಹಿಂದೆ. ಹಾಗಾಗಿ ಟಾಪ್ ವ್ಯೂ ಕೆಳಗೆ, ಎಡಗಡೆಯಿಂದ ನೋಡಿದ್ದು ಬಲಕ್ಕೆ. ವ್ಯೂಗಳು ಎರಡರಲ್ಲೂ ಅವೇ, ಒಂದು ಗೆರೆಯೂ ಬದಲಾಗುವುದಿಲ್ಲ. ಬದಲಾಗುವುದು ಜಾಗ. ನನ್ನ ಅಭಿಪ್ರಾಯ ಕೇಳಿದರೆ ಓದಲು ಥರ್ಡ್ ಆ್ಯಂಗಲ್ ಸುಲಭ, ಯಾವ ಕಡೆ ನೋಡಿದ್ದೋ ಆ ಕಡೆಯೇ ಚಿತ್ರ ಇರುತ್ತದೆ. ಆದರೆ ನಮ್ಮಲ್ಲಿ ಕಲಿಸುವುದು ಫಸ್ಟ್ ಆ್ಯಂಗಲ್, ಶಾಲಾ ಕಾಲೇಜುಗಳಿಗಾಗಿ ಭಾರತೀಯ ಮಾನಕ ಬ್ಯೂರೊ ತಂದ ಎಸ್‌ಪಿ 46 ಅದನ್ನೇ ಹೇಳುತ್ತದೆ. ಯೂರೋಪಿನಲ್ಲಿ ಹೆಚ್ಚಾಗಿ ಫಸ್ಟ್, ಅಮೆರಿಕ ಮತ್ತು ಜಪಾನಿನಲ್ಲಿ ಥರ್ಡ್. ಅಂತರರಾಷ್ಟ್ರೀಯ ಮಾನಕ ಎರಡನ್ನೂ ಒಪ್ಪುತ್ತದೆ.

ಪೀಣ್ಯದಂಥ ಕಡೆ ಜಾಬ್ ವರ್ಕ್ ಮಾಡುವ ಶೆಡ್ಡುಗಳಿಗೆ ಇದು ಬರೀ ಪಠ್ಯದ ವಿಷಯ ಅಲ್ಲ. ಜರ್ಮನಿಯ ಡ್ರಾಯಿಂಗೂ ಬರುತ್ತದೆ, ಅಮೆರಿಕದ್ದೂ ಬರುತ್ತದೆ. ನಮ್ಮ ಬ್ರಾಕೆಟ್‌ನ ಫಸ್ಟ್ ಆ್ಯಂಗಲ್ ಡ್ರಾಯಿಂಗನ್ನು ಥರ್ಡ್ ಆ್ಯಂಗಲ್ ಅಂದುಕೊಂಡು ಓದಿದರೆ ಏನಾಗುತ್ತದೆ ನೋಡಿ. ಫ್ರಂಟ್ ವ್ಯೂ ಕೆಳಗೆ ಒಂದು ಆಯತ ಇದೆ, ಅದರಲ್ಲಿ ವೃತ್ತ ಹಾಳೆಯ ಕೆಳ ಅಂಚಿನ ಕಡೆಗಿದೆ. ಫಸ್ಟ್ ಆ್ಯಂಗಲ್‌ನಲ್ಲಿ ಇದು ಟಾಪ್ ವ್ಯೂ, ಫ್ರಂಟ್ ವ್ಯೂನಿಂದ ದೂರ ಇರುವ ಅಂಚೇ ವಸ್ತುವಿನ ಮುಂಭಾಗ. ಹಾಗಾಗಿ ತೂತು ಮುಂದಿನಿಂದ 15. ಥರ್ಡ್ ಆ್ಯಂಗಲ್ ಅಂದುಕೊಂಡವನಿಗೆ ಅದೇ ಆಯತ ಕೆಳಗಿನಿಂದ ನೋಡಿದ ವ್ಯೂ. ಅಲ್ಲಿ ಫ್ರಂಟ್ ವ್ಯೂಗೆ ಹತ್ತಿರದ ಅಂಚು ಮುಂಭಾಗ. ಅವನ ಪ್ರಕಾರ ತೂತು ಹಿಂದಿನಿಂದ 15, ಮುಂದಿನಿಂದ 35. ಡ್ರಿಲ್ ಹೊಡೆದ. ಉದ್ದ ಸರಿ, ಎತ್ತರ ಸರಿ, ತೂತಿನ ಡಯಾ ಸರಿ, ವರ್ನಿಯರ್ ಹಿಡಿದು ಎಲ್ಲಿ ಅಳೆದರೂ ಅಂಕಿ ಸರಿಯಾಗೇ ಬರುತ್ತದೆ, ಆದರೆ ಬ್ರಾಕೆಟ್ ಕನ್ನಡಿಯಲ್ಲಿ ಕಂಡ ಹಾಗಿದೆ. ಬಲಗಾಲಿನ ಚಪ್ಪಲಿ ಬೇಕಾದಲ್ಲಿ ಎಡಗಾಲಿನದು ಬಂದಂತೆ, ಹೇಗೆ ತಿರುಗಿಸಿದರೂ ಕೂರುವುದಿಲ್ಲ. ಪೂರ್ತಿ ಲಾಟ್ ಸ್ಕ್ರಾಪ್.

ತೂತು ಸರಿಯಾಗಿ ನಡುವೆ ಇದ್ದಿದ್ದರೆ ಈ ತಪ್ಪು ಗೊತ್ತೇ ಆಗುತ್ತಿರಲಿಲ್ಲ, ಮಾಲು ಸರಿಯಾಗೇ ಹೋಗುತ್ತಿತ್ತು. ಅದಕ್ಕೇ ಇದು ಅಪಾಯದ ತಪ್ಪು, ಹತ್ತು ಜಾಬ್‌ನಲ್ಲಿ ಪಾರಾಗಿ ಹನ್ನೊಂದನೆಯದರಲ್ಲಿ ಹಿಡಿಯುತ್ತದೆ. ಆದರೆ ಹುಷಾರಾಗಿ ನೋಡುವವನಿಗೆ ಡ್ರಾಯಿಂಗೇ ಸುಳಿವು ಕೊಡುತ್ತದೆ. ಆ ಆಯತ ನಿಜವಾಗಿಯೂ ಕೆಳಗಿನಿಂದ ನೋಡಿದ ವ್ಯೂ ಆಗಿದ್ದರೆ 10ಕ್ಕೆ ಇರುವ ಗೆರೆ ದಪ್ಪ ಇರಲು ಸಾಧ್ಯವೇ ಇಲ್ಲ. ಬೇಸ್‌ನ ಅಡಿ ಸಪಾಟಾಗಿದೆ, ನಿಂತ ತಟ್ಟೆ ಆ ಕಡೆ ಮರೆಯಲ್ಲಿದೆ, ಗೆರೆ ಡಾಟೆಡ್ ಆಗಿರಬೇಕಿತ್ತು. ಬಲಕ್ಕೆ ಇರುವ ಸೈಡ್ ವ್ಯೂನಲ್ಲೂ ಹಾಗೇ. ಅದು ಬಲಗಡೆಯಿಂದ ನೋಡಿದ್ದಾಗಿದ್ದರೆ ಬೇಸ್‌ನ ಗೆರೆ ದಪ್ಪ ಇರಬೇಕು, ಇಲ್ಲಿ ಡಾಟೆಡ್ ಇದೆ, ಅಂದರೆ ಇದು ಎಡಗಡೆಯ ನೋಟ, ಅಂದರೆ ಫಸ್ಟ್ ಆ್ಯಂಗಲ್. ಒಂದು ಗೆರೆ ತುಂಡಾಗಿದೆಯೋ ಇಲ್ಲವೋ ಅನ್ನುವುದು ಪೂರ್ತಿ ಡ್ರಾಯಿಂಗಿನ ಕಥೆ ಹೇಳುತ್ತದೆ.

ಅಷ್ಟು ತಲೆ ಕೆಡಿಸಿಕೊಳ್ಳದೇ ಇರಲಿ ಅಂತಲೇ ಟೈಟಲ್ ಬ್ಲಾಕ್‌ನಲ್ಲಿ, ಅಂದರೆ ಹಾಳೆಯ ಮೂಲೆಯಲ್ಲಿ ವಿವರ ಬರೆಯುವ ಚೌಕಟ್ಟಿನಲ್ಲಿ, ಒಂದು ಗುರುತು ಹಾಕಿರುತ್ತಾರೆ, ಒಂದು ಕಡೆ ಸಣ್ಣಗಾಗುವ ಕೋನ್‌ನ ತುಂಡು, ಪಕ್ಕದಲ್ಲಿ ಒಂದರೊಳಗೊಂದು ಎರಡು ವೃತ್ತ. ಯಾವುದು ಫಸ್ಟ್, ಯಾವುದು ಥರ್ಡ್ ಅಂತ ಬಾಯಿಪಾಠ ಮಾಡಿದವರಿಗೆ ಬೇಕಾದ ಹೊತ್ತಿನಲ್ಲಿ ಮರೆತುಹೋಗುತ್ತದೆ. ಬಾಯಿಪಾಠ ಬೇಡ. ಎರಡೂ ವೃತ್ತ ದಪ್ಪ ಗೆರೆಯಲ್ಲಿವೆ. ಕೋನ್ ತುಂಡನ್ನು ಯಾವ ತುದಿಯಿಂದ ನೋಡಿದರೆ ಎರಡು ವೃತ್ತವೂ ಕಾಣುತ್ತವೆ? ಸಣ್ಣ ತುದಿಯಿಂದ. ದೊಡ್ಡ ತುದಿಯಿಂದ ನೋಡಿದರೆ ಸಣ್ಣ ವೃತ್ತ ಹಿಂದೆ ಅಡಗುತ್ತದೆ. ಅಂದರೆ ಆ ವೃತ್ತಗಳು ಸಣ್ಣ ತುದಿಯಿಂದ ನೋಡಿದ ವ್ಯೂ. ಈಗ ವೃತ್ತಗಳು ಸಣ್ಣ ತುದಿಯ ಪಕ್ಕದಲ್ಲೇ ಇದ್ದರೆ ನೋಡಿದ ಕಡೆಯೇ ಬರೆದಿದ್ದಾರೆ, ಥರ್ಡ್ ಆ್ಯಂಗಲ್. ದೊಡ್ಡ ತುದಿಯ ಪಕ್ಕದಲ್ಲಿ ಇದ್ದರೆ ಆಚೆ ಕಡೆ ಬರೆದಿದ್ದಾರೆ, ಫಸ್ಟ್ ಆ್ಯಂಗಲ್. ಗುರುತನ್ನು ಎಡಬಲ ತಿರುಗಿಸಿ ಬರೆದಿದ್ದರೂ ಈ ತರ್ಕ ಕೈಕೊಡುವುದಿಲ್ಲ.

ಇಲ್ಲಿಯವರೆಗೆ ಎಲ್ಲಾ ಮುಖಗಳೂ ಪ್ಲೇನ್‌ಗಳಿಗೆ ನೆಟ್ಟಗೆ ಅಥವಾ ಸಮಾನಾಂತರವಾಗಿ ಇದ್ದವು. ಓರೆಯಾದರೆ ಅಳತೆ ಸುಳ್ಳು ಹೇಳಲು ಶುರು ಮಾಡುತ್ತದೆ. 100 ಎಂಎಂ ತಟ್ಟೆಯನ್ನು ನೆಲಕ್ಕೆ 60 ಡಿಗ್ರಿ ಓರೆ ನಿಲ್ಲಿಸಿದರೆ ಟಾಪ್ ವ್ಯೂನಲ್ಲಿ ಅದು 50 ಮಾತ್ರ. ಅದರ ಮೇಲಿನ 40 ಎಂಎಂ ತೂತು 40 ಉದ್ದ, 20 ಅಗಲದ ಎಲಿಪ್ಸ್ ಆಗುತ್ತದೆ. ಒಂದು ಗೆರೆ ಎರಡೂ ಪ್ಲೇನ್‌ಗೆ ಓರೆಯಾಗಿದ್ದರೆ ಇನ್ನೂ ಕಷ್ಟ. ಒಂದು ಪೆಟ್ಟಿಗೆ, ಉದ್ದ 6 ಸೆಂಟಿಮೀಟರ್, ಅಗಲ 3, ಎತ್ತರ 2. ಕೆಳಗಿನ ಒಂದು ಮೂಲೆಯಿಂದ ಮೇಲಿನ ಎದುರು ಮೂಲೆಗೆ ತಂತಿ ಕಟ್ಟಿದರೆ ಅದರ ಉದ್ದ ಸರಿಯಾಗಿ 7. ಈಗ ವ್ಯೂಗಳಲ್ಲಿ ಅಳೆಯಿರಿ. ಟಾಪ್ ವ್ಯೂನಲ್ಲಿ 6.71, ಫ್ರಂಟ್ ವ್ಯೂನಲ್ಲಿ 6.32, ಸೈಡ್ ವ್ಯೂನಲ್ಲಿ 3.61. ಮೂರು ವ್ಯೂ ಇದ್ದರೂ 7 ಎಲ್ಲೂ ಇಲ್ಲ! ಯಾಕೆಂದರೆ ಪ್ರತಿ ವ್ಯೂ ತಂತಿಯ ಒಂದಿಷ್ಟು ಭಾಗವನ್ನು ನುಂಗಿದೆ.

ಇಲ್ಲಿ ಮೊಂಜ್‌ನ ಉಪಾಯ ಕೆಲಸಕ್ಕೆ ಬರುತ್ತದೆ. ಟಾಪ್ ವ್ಯೂನಲ್ಲಿ ತಂತಿಯ ಒಂದು ತುದಿಗೆ ಕಂಪಾಸ್ ಮುಳ್ಳು ಚುಚ್ಚಿ, ಆ 6.71 ಗೆರೆಯನ್ನು ಎಕ್ಸ್‌ವೈಗೆ ಸಮಾನಾಂತರ ಆಗುವವರೆಗೆ ತಿರುಗಿಸಿ. ನಿಜದಲ್ಲಿ ಏನಾಯಿತು? ಬುಡ ಹಿಡಿದು ತಂತಿಯನ್ನು ಗೋಡೆಗೆ ಸಮಾನಾಂತರವಾಗಿ ತಿರುಗಿಸಿದಿರಿ. ತಿರುಗಿಸುವಾಗ ತಂತಿಯ ಓರೆ ಬದಲಾಗಲಿಲ್ಲ, ಮೇಲಿನ ತುದಿಯ ಎತ್ತರ 2 ಇದ್ದದ್ದು 2ರಲ್ಲೇ ಇದೆ. ಈಗ ಫ್ರಂಟ್ ವ್ಯೂನಲ್ಲಿ ಅಡ್ಡಕ್ಕೆ 6.71, ಎತ್ತರಕ್ಕೆ 2 ಗುರುತು ಮಾಡಿ ಸೇರಿಸಿದರೆ ಬರುವ ಗೆರೆ 7, ಇದೇ ಟ್ರೂ ಲೆಂಗ್ತ್, ನಿಜವಾದ ಉದ್ದ. ಅದು ಎಕ್ಸ್‌ವೈ ಜೊತೆ ಮಾಡುವ ಕೋನವೇ ತಂತಿ ನೆಲದ ಜೊತೆ ಮಾಡುವ ನಿಜವಾದ ಕೋನ. ಪ್ರೊಜೆಕ್ಷನ್ ಆಫ್ ಲೈನ್ಸ್ ಅನ್ನುವ ಅಧ್ಯಾಯದಲ್ಲಿ ಎಳೆಯುವ ಆ ಕಮಾನುಗಳು, ಲೋಕಸ್ ಗೆರೆಗಳು ಎಲ್ಲವೂ ಇದೊಂದೇ ತಿರುಗಿಸುವ ಕೆಲಸ. ಗೆರೆ ಗೋಡೆಗೆ ಸಮಾನಾಂತರ ಆದಾಗ ಮಾತ್ರ ಗೋಡೆ ಸತ್ಯ ಹೇಳುತ್ತದೆ.

ಈಗ ಇದನ್ನೆಲ್ಲಾ ಕಂಪ್ಯೂಟರ್ ಮಾಡುತ್ತದಲ್ಲ ಅನ್ನಬಹುದು. ಮಾಡುತ್ತದೆ. ಸಾಲಿಡ್ ಎಡ್ಜ್‌ನಲ್ಲೋ ಸಾಲಿಡ್‌ವರ್ಕ್ಸ್‌ನಲ್ಲೋ ಮಾಡೆಲ್ ಕಟ್ಟಿ ಬಟನ್ ಒತ್ತಿದರೆ ವ್ಯೂಗಳು ತಾವೇ ಬಂದು ಕೂರುತ್ತವೆ. ಆದರೆ ಫಸ್ಟ್ ಆ್ಯಂಗಲ್ಲೋ ಥರ್ಡ್ ಆ್ಯಂಗಲ್ಲೋ ಅನ್ನುವುದು ಸೆಟ್ಟಿಂಗ್‌ನಲ್ಲಿ ಏನಿದೆಯೋ ಅದು, ಬೇರೆಯವರ ಟೆಂಪ್ಲೇಟ್ ಎತ್ತಿಕೊಂಡರೆ ಅದೂ ಜೊತೆಗೇ ಬರುತ್ತದೆ. ಯಾವ ಮುಖವನ್ನು ಫ್ರಂಟ್ ಮಾಡಬೇಕು ಅನ್ನುವುದನ್ನು ನೀವೇ ಹೇಳಬೇಕು. ವಸ್ತುವಿನ ಆಕಾರ ಜಾಸ್ತಿ ಹೇಳುವ, ಡಾಟೆಡ್ ಲೈನ್ ಕಮ್ಮಿ ಬರುವ ಮುಖ ಫ್ರಂಟ್ ಆಗಬೇಕು. ನಮ್ಮ ಬ್ರಾಕೆಟ್‌ಗೆ ಎಲ್ ಕಾಣುವ ಕಡೆ ಬಿಟ್ಟು ಆ ಸಪಾಟು ಆಯತದ ಕಡೆಯನ್ನು ಫ್ರಂಟ್ ಮಾಡಿದರೆ ತಪ್ಪೇನಲ್ಲ, ಆದರೆ ಓದುವವನ ಶಾಪ ತಟ್ಟುತ್ತದೆ.

ಅಭ್ಯಾಸಕ್ಕೆ ಒಂದು ಕೆಲಸ ಕೊಡುತ್ತೇನೆ. ದಪ್ಪ ಮೂಲಂಗಿ ಒಂದನ್ನು ತಂದು ದುಂಡಗೆ ಹೆರೆಯಿರಿ, ಡಯಾ 40 ಎಂಎಂ, ಎತ್ತರವೂ 40. ಮೇಲಿನ ವೃತ್ತದ ನಡುವೆ ಒಂದು ಗೆರೆ ಎಳೆಯಿರಿ. ಆ ಗೆರೆಯಿಂದ ಎರಡೂ ಕಡೆ ಓರೆಯಾಗಿ, ಕೆಳಗಿನ ವೃತ್ತದ ಅಂಚಿನವರೆಗೆ ಕೊಯ್ಯಿರಿ. ಈಗ ಮೇಲಿಂದ ನೋಡಿದರೆ ವೃತ್ತ, ಒಂದು ಬದಿಯಿಂದ ತ್ರಿಕೋನ, ಇನ್ನೊಂದು ಬದಿಯಿಂದ ಚೌಕ. ಆ ಚೌಕದ ಒಳಗೆ ಒಂದು ಬಾಗಿದ ಗೆರೆಯೂ ಬರುತ್ತದೆ, ಮೇಲಿನ ಎರಡು ಮೂಲೆಯಿಂದ ಇಳಿದು ಕೆಳಗಿನ ನಡುಬಿಂದುವನ್ನು ಮುಟ್ಟುತ್ತದೆ. ಮೂಲಂಗಿ ನೋಡದೆ ಅದನ್ನು ಬರೆಯಿರಿ: ಟಾಪ್ ವ್ಯೂನ ವೃತ್ತವನ್ನು ಹನ್ನೆರಡು ಭಾಗ ಮಾಡಿ, ಪ್ರತಿ ಬಿಂದುವಿನ ಎತ್ತರವನ್ನು ತ್ರಿಕೋನದಿಂದ ಎತ್ತಿಕೊಂಡು, ಚೌಕಕ್ಕೆ ದಾಟಿಸಿ. ಅರ್ಧ ಎಲಿಪ್ಸ್ ಬಂದರೆ ಸರಿಯಾಗಿದೆ.